ಮಸಿ ಮುಗಿದ ಮೇಲೆ

ಅರವತ್ತೊಂಬತ್ತರ ಚಳಿಗಾಲ. ಪೋಲೆಂಡಿನ ವೂಚ್ ಊರು.
ಬಟ್ಟೆ ಗಿರಣಿಯ ಲೆಕ್ಕದ ಮನೆಯಲ್ಲಿ
ಸಾಲು ಬೀರುಗಳಷ್ಟು ಉದ್ದದ ಕಂಪ್ಯೂಟರು
ಹಗಲೆಲ್ಲ ಸಂಬಳ ಎಣಿಸಿ, ಗಜ ಎಣಿಸಿ,
ರಾತ್ರಿ ಹನ್ನೊಂದಕ್ಕೆ ಬಿಡುವು.
ಆಗ ಬರುತ್ತಿದ್ದಳು ಒತಿಲ್ಯಾ,
ಕೋಟಿನ ಜೇಬಿನಲ್ಲಿ ಬೇಯಿಸಿದ ಎರಡು ಮೊಟ್ಟೆ,
ಬಗಲಲ್ಲಿ ತೂತು ಕಾರ್ಡುಗಳ ಕಟ್ಟು.

ನಾನು ಕ್ಯಾಮೆರಾ ರಿಪೇರಿಯವ.
ಕಾವಲುಗಾರನಿಗೆ ಸಿಗರೇಟಿನ ಸಾಲ ಹೇಳಿ ಒಳಗೆ ನುಸುಳಿದವ.
ಕಲೆ ಗಿಲೆ ನನಗೆ ತಿಳಿಯದು;
ಆ ಕೋಣೆ ಬೆಚ್ಚಗಿತ್ತು, ಅಷ್ಟೆ.

ಅವಳ ಅವ್ವ ಮಗ್ಗದವಳು,
ಮಗ್ಗಕ್ಕೆ ಕಿವಿ ಕೊಟ್ಟೂ ಕೊಟ್ಟೂ ಕಿವುಡಾದವಳು.
ಒಂದು ಕಾರ್ಡನ್ನು ದೀಪಕ್ಕೆ ಹಿಡಿದು ಕೇಳಿದಳಂತೆ:
‘ನಮ್ಮ ತೂತುಗಳು ಗುಲಾಬಿ ನೇಯುತ್ತಿದ್ದವು.
ನಿನ್ನವು?’
‘ಕೊಕ್ಕರೆ’ ಅಂದಳಂತೆ ಮಗಳು,
ತುಟಿ ಕಾಣುವ ಹಾಗೆ, ಬಿಡಿಸಿ ಬಿಡಿಸಿ.

ಒಮ್ಮೆ ರೆಕ್ಕೆ ಬಡಿಯಲು ಇಪ್ಪತ್ತನಾಲ್ಕು ಚಿತ್ರ.
ನಾಲ್ಕು ಬಡಿತಕ್ಕೆ ತೊಂಬತ್ತಾರು.
ಒಂದೊಂದಕ್ಕೆ ನಲವತ್ತು ನಿಮಿಷ.
ನೀವೇ ಲೆಕ್ಕ ಹಾಕಿ:
ಹಕ್ಕಿ ಹಾರಿದ್ದು ನಾಲ್ಕು ಸೆಕೆಂಡು,
ನಾವು ನಿದ್ದೆಗೆಟ್ಟದ್ದು ಹದಿನಾರು ರಾತ್ರಿ.

ಸುರುಳಿ ಕಾಗದದ ಮೇಲೆ
ಉಕ್ಕಿನ ತೋಳು ಲಾಳಿಯ ಹಾಗೆ ಹೋಗುವುದು, ಬರುವುದು,
ಹಾಸಿಲ್ಲದ ಬರೀ ಹೊಕ್ಕು.
ಟರ್ರೆಂದರೆ ಕತ್ತು, ಟಿಕಟಿಕ ಅಂದರೆ ಕಾಲು.
ಕಣ್ಣು ಮುಚ್ಚಿಯೂ ಹೇಳಬಲ್ಲವನಾದೆ:
ಈಗ ಎಡರೆಕ್ಕೆ. ಈಗ ಕೊಕ್ಕು.

ಹನ್ನೊಂದನೆಯ ರಾತ್ರಿ ಇಬ್ಬರಿಗೂ ಜೊಂಪು ಹತ್ತಿತು.
ಮಸಿ ಮುಗಿಯಿತು.
ಯಂತ್ರಕ್ಕೆ ಯಾರು ಹೇಳಬೇಕು?
ಒಣ ಮುಳ್ಳಿನಲ್ಲೇ ಗೀಚುತ್ತ ಹೋಯಿತು
ಆರು ಚಿತ್ರ, ಒಂದು ಗೆರೆ ಬಿಡದೆ, ಶ್ರದ್ಧೆಯಿಂದ.
ಮತ್ತೆ ಬಿಡಿಸಲು ರಾತ್ರಿಗಳಿರಲಿಲ್ಲ,
ವರ್ಷದ ಕೊನೆಯ ಲೆಕ್ಕ ಬಾಗಿಲಲ್ಲಿ ನಿಂತಿತ್ತು.
‘ಇವನ್ನೂ ತೆಗಿ’ ಅಂದಳು.
‘ಬರೀ ಬಿಳಿ’ ಅಂದೆ.
‘ಬಿಳಿಯನ್ನೇ ತೆಗಿ.’

ಕ್ಯಾಂಟೀನಿನಲ್ಲಿ ಹಾಸಿಗೆಯ ಬಟ್ಟೆ ಕಟ್ಟಿ ತೋರಿಸಿದೆವು,
ಕೋಸಿನ ಸಾರಿನ ವಾಸನೆಯ ನಡುವೆ.
ಕೊಕ್ಕರೆ ಹಾರಿತು, ರೆಪ್ಪೆ ಬಡಿದಷ್ಟು ಹೊತ್ತು ಇಲ್ಲವಾಯಿತು,
ಮತ್ತೆ ಮುಂದೆ, ಮುಂದಿನ ಜಾಗದಲ್ಲೇ, ಹಾರಿತು.
ಒಬ್ಬ ಎಂಜಿನಿಯರ್ ದೋಷ ಅಂದ.
ಇನ್ನೊಬ್ಬ, ಮೋಡ.
ಅವ್ವ ಏನೂ ಅನ್ನದೆ ಸುರುಳಿ ತರಿಸಿ
ಮಡಿಲಲ್ಲಿ ಬಿಚ್ಚಿ, ಬಿಳಿಯ ಮೇಲೆ ಬೆರಳಾಡಿಸಿದಳು,
ಸೀರು ಬಟ್ಟೆಯ ಕುಂದು ಹುಡುಕುವವರ ಹಾಗೆ.
‘ಇಲ್ಲಿದೆಯಲ್ಲೆ’ ಅಂದಳು ಜೋರಾಗಿ,
ಕಿವುಡರು ಅನ್ನುವಷ್ಟು ಜೋರಾಗಿ,
‘ಇದು ರೆಕ್ಕೆ. ಇದು ಕಾಲು. ಎಲ್ಲಿಗೂ ಹೋಗಿಲ್ಲ.’

ಒತಿಲ್ಯಾ ಈಗಿಲ್ಲ. ಕಳೆದ ವಾರ ಮ್ಯೂಸಿಯಮ್ಮಿನವರು
ಬಿಳಿ ಕೈಗವಸು ತೊಟ್ಟು ಬಂದು
ಸುರುಳಿ ಕತ್ತರಿಸಿ, ಎಣಿಸಿ, ತೊಂಬತ್ತು ಒಯ್ದರು.
ಉಳಿದ ಆರು ನನ್ನ ಮೇಜಿನ ಮೇಲಿವೆ.
ಖಾಲಿ ಹಾಳೆಗೆ ರಸೀದಿ ಬರೆಯುವ ಪದ್ಧತಿ ಇಲ್ಲವಂತೆ.