ಎರಡಕ್ಷರ

ಭಾನುವಾರ ಏಳೂವರೆ, ಗೋಣಿಕೊಪ್ಪ.
ಪಂದಿಯಂಗಡಿ ಮುಂದೆ ಹದಿಮೂರು ಜನ,
ಹದಿಮೂರೂ ಅಂಪೈರುಗಳೇ.
ಬೆಳ್ಯಪ್ಪ ಕೊಡೆಯನ್ನು ತಲೆಕೆಳಗಾಗಿ ಹಿಡಿದು
ಮತ್ತೊಮ್ಮೆ ಬೀಸಿ ತೋರಿಸಿದ:
“ಹೀಗೆ. ನೆಲಕ್ಕಂಟಿಯೇ ಬಂತು ಸ್ಟಿಕ್ಕು.
ಆ ಹುಡುಗನೇ ಬಗ್ಗಿದ್ದು.”

“ಬಗ್ಗದೆ ಮತ್ತೆ? ಚೆಂಡು ಆಕಾಶದಲ್ಲಿತ್ತಾ?”
ಪೋಸ್ಟಾಫೀಸಿನ ಬೊಳ್ಳಮ್ಮ ಬಿಡಲಿಲ್ಲ.
“ನಾಚಪ್ಪ ನಮ್ಮವನೇ. ಆದರೂ ಹೇಳ್ತೇನೆ,
ಸ್ಟಿಕ್ಕು ಭುಜದಿಂದ ಮೇಲಿತ್ತು.
ಹಳದಿ ಕಾರ್ಡು ಸಾಲದು ಅದಕ್ಕೆ.”

ಕೊಡೆ ಮತ್ತೆ ಬೀಸಿತು.
ಹಿಂದೆ ನಿಂತವರು ಒಂದು ಹೆಜ್ಜೆ ಸರಿದರು.

ಇದಕ್ಕೆ ಮುಂಚೆ ಮಾತಿಗೆ ಎಷ್ಟೆಲ್ಲ ಇತ್ತು ನಮಗೆ.
ಎಂಟು ಆಟ. ಮೊದಲ ಮೂರೂ ಸೋತು
ಕೋಚ್ ಮುದ್ದಯ್ಯ ಮೀಸೆ ಬೋಳಿಸುತ್ತೇನೆಂದದ್ದು,
ನಾಲ್ಕನೆಯದಕ್ಕೆ ಗೋಲಿ ಹುಡುಗ
ಗಣಿತದ ಪೇಪರು ಅರ್ಧಕ್ಕೆ ಬಿಟ್ಟು ಓಡಿ ಬಂದದ್ದು,
ಒಂದೇ ಜೊತೆ ಶಿನ್‌ಗಾರ್ಡನ್ನು ಅಣ್ಣ ತಮ್ಮ
ಒಂದೊಂದು ಕಾಲಿಗೆ ಕಟ್ಟಿಕೊಂಡದ್ದು,
ಸೋಮವಾರಪೇಟೆಯಲ್ಲಿ ಮಂಜು ಇಳಿದು
ಎರಡೂ ತಂಡ ಒಂದೇ ಗೋಲಿನ ಕಡೆ ಓಡಿದ್ದು.
ಆ ಆಟವನ್ನೂ ಗೆದ್ದೆವು, ಹೇಗೆಂದು ಕೇಳಬೇಡಿ.

ಈಗ ಅದೊಂದೂ ಯಾರಿಗೂ ಬೇಡ.
ಸೀಸನ್ನು ಇಡೀ ಕುಗ್ಗಿ ಕುಗ್ಗಿ
ಒಂದು ಬೀಸಿನಷ್ಟಾಗಿದೆ.

ನಾನೂ ಸುಮ್ಮನಿರಲಿಲ್ಲ.
ಲೆಫ್ಟ್ ಹಾಫ್ ಆಡಿದವನು ನಾನು, ಆರು ವರ್ಷ.
“ನಮ್ಮ ಕಾಲದಲ್ಲಿ ಇದಕ್ಕೆ ವಿಸಿಲೂ ಊದುತ್ತಿರಲಿಲ್ಲ” ಎಂದೆ.
ಎಂದವನು, ಯಾಕೋ,
ಕಟ್ಟಿಸಿದ ಎರಡು ಹಲ್ಲನ್ನು ನಾಲಿಗೆಯಿಂದ ಮುಟ್ಟಿಕೊಂಡೆ.

ಆಗ ಅಮ್ಮತ್ತಿ ಬಸ್ಸಿಳಿದು
ಮುತ್ತ ಬಂದ.
ಎಸ್ಟೇಟಿನ ಲೈನ್‌ಮನೆಯ ಮುತ್ತ,
ಆ ಹುಡುಗನ ಅಪ್ಪ.
ಕೊಡೆ ನೆಟ್ಟಗಾಯಿತು.
ಸಾಲು ತಾನಾಗಿ ಬಿಟ್ಟುಕೊಟ್ಟಿತು, ಅವನು ಮುಂದೆ ಹೋಗಲಿಲ್ಲ.
ನಾವು ಜಾಗ ಕೊಟ್ಟದ್ದೇ ಅವನಿಗೆ ತಿಳಿಯಲಿಲ್ಲವೋ,
ತಿಳಿದೇ ಬೇಡವೆಂದನೋ.

ಸರದಿ ಬಂದಾಗ ಕೇಳಿದ:
“ಮೂಳೆ ಮಾತ್ರ ಸಾಕು, ಒಂದು ಕಿಲೋ.
ಸೂಪಿಗೆ. ಹಲ್ಲಿಗೆ ತಂತಿ ಬಿಗಿದಿದ್ದಾರೆ,
ಇನ್ನು ಐದು ವಾರ ಹೀರಬೇಕು ಎಲ್ಲವನ್ನೂ.”

ಬೊಳ್ಳಮ್ಮ ಏನೋ ಹೇಳಲು ಹೊರಟು
ಚೀಲದ ಹಿಡಿ ಸರಿಮಾಡಿಕೊಂಡಳು.

ಮುತ್ತ ಜೇಬಿನಿಂದ ಒಂದು ಚೀಟಿ ತೆಗೆದ.
“ಮಾತಾಡಲಾಗದಲ್ಲ, ಬರೆದು ಕೊಟ್ಟಿದ್ದಾನೆ.
ಇಲ್ಲಿ ಯಾರಾದರೂ ನೋಡಿರ್ತಾರಂತೆ, ಕೇಳಿ ಬಾ ಅಂದ.”

ನಾವು ಕಾದೆವು. ಯಾರು ಹೊಡೆದದ್ದು, ಹೇಗೆ ಹೊಡೆದದ್ದು,
ಉತ್ತರ ಎಲ್ಲರ ಬಾಯಲ್ಲೂ ವಾರದಿಂದ ತಯಾರಿತ್ತು.

ಚೀಟಿಯಲ್ಲಿ ಇದ್ದದ್ದು:
ನನ್ನ ಚೆಂಡು ಗೋಲಾಯಿತಾ?

ಹದಿಮೂರು ಜನ.
ಇಪ್ಪತ್ತಾರು ಕಣ್ಣು, ಸ್ಟಿಕ್ಕಿನ ಮೇಲೆ, ದವಡೆಯ ಮೇಲೆ,
ಅಂಪೈರಿನ ಜೇಬಿನ ಮೇಲೆ.
ಚೆಂಡನ್ನು ಒಬ್ಬರೂ ನೋಡಿರಲಿಲ್ಲ.
ಎರಡು-ಒಂದಕ್ಕೆ ಗೆದ್ದೆವು ಎಂದಷ್ಟೇ ಗೊತ್ತು,
ಬರುವ ಭಾನುವಾರ ಫೈನಲ್ ಎಂದೂ.

“ನೆಟ್ಟು ಹರಿದಿತ್ತಲ್ಲ” ಎಂದ ಬೆಳ್ಯಪ್ಪ, ಮೆಲ್ಲಗೆ.
“ತೂತಲ್ಲಿ ಹೋಯಿತೋ, ಕಂಬದ ಹೊರಗೆ ಹೋಯಿತೋ.
ಚೆಂಡು ಸಿಕ್ಕಿದ್ದು ಚರಂಡಿಯಲ್ಲಿ.”

ಎಲ್ಲರೂ ಒಟ್ಟಿಗೆ ಶಾಜಿಯ ಕಡೆ ತಿರುಗಿದೆವು.
ಮೂಳೆ ಕಡಿಯುವ ಶಾಜಿ, ಹದಿನಾಲ್ಕು ವರ್ಷ,
ಅಂದು ಗೋಲಿನ ಹಿಂದೆ ಚೆಂಡು ಹೆಕ್ಕಲು ನಿಂತವನು.
ಇಡೀ ವಾರ ಯಾರೂ ಅವನನ್ನು ಕೇಳಿರಲಿಲ್ಲ.

ಅವನು ಕತ್ತಿ ಇಟ್ಟ.
ಲೆಕ್ಕ ಹಾಕುವ ಪೆನ್ಸಿಲನ್ನು ಕಿವಿಯಿಂದ ತೆಗೆದು
ಚೀಟಿ ತಿರುಗಿಸಿ ಏನೋ ಬರೆದ, ನಮಗೆ ಬೆನ್ನು ಕೊಟ್ಟು.
ಮಡಚಿದ. ಮಡಿಕೆಯ ಮೇಲೆ ಹೆಬ್ಬೆರಳಿನ ಕೆಂಪು.

ಮುತ್ತ ಅದನ್ನು ಬಿಡಿಸಲಿಲ್ಲ.
ಕೇಳಿದ್ದು ತಾನಲ್ಲವಲ್ಲ ಎಂಬಂತೆ ಜೇಬಿಗಿಟ್ಟ,
ಹಣ ಎಣಿಸಿದ, ಬಸ್ಸಿಗೆ ನಡೆದ.

“ಪೆನ್ಸಿಲು ಓಡಿದ್ದು ಎರಡೇ ಅಕ್ಷರ, ನಾನು ನೋಡಿದೆ”
ಎಂದಳು ಬೊಳ್ಳಮ್ಮ.
ಹೌದು ಎಂದರೂ ಎರಡು.
ಇಲ್ಲ ಎಂದರೂ ಎರಡು.

“ನಿಮಗೆಷ್ಟು?” ಎಂದ ಶಾಜಿ ನನ್ನನ್ನು.
ಕೈಯಲ್ಲಿ ಕತ್ತಿ, ಮುಖದಲ್ಲಿ ಏನೂ ಇಲ್ಲ.
ಒಂದು ಕಿಲೋ, ಎಂದೆ. ಕೊಬ್ಬು ಇರಲಿ.