ಆನಿಹೆಜ್ಜಿ

ನಾ ನೇಯ್ದ ಖಣ ತಿರುಗಿ ಬಂದದ್ದು
ನಲವತ್ತು ವರ್ಷದಾಗ ಅದೊಂದ ಸಲ.
ಗುಳೇದಗುಡ್ಡದ ಸಾವುಕಾರ ಬೈಯಲಿಲ್ಲ,
ಕನ್ನಡಕ ಹಣಿಗೇರಿಸಿ ಉಗುರಿಲೆ ತೋರಿಸಿದ:
ಆನಿಹೆಜ್ಜಿ ಸಾಲಿನಾಗ
ಒಂದು ಹೆಜ್ಜಿ ಇಲ್ಲ.

ಎಳಿ ಹರದಿರಲಿಲ್ಲ.
ಹರದಿದ್ರ ಬೆರಳಿಗೆ ಗೊತ್ತಾಗತಿತ್ತು, ಗಂಟು ಹಾಕತಿದ್ದೆ.
ತಪ್ಪಿದ್ದು ಎಣಿಕಿ.
ಎಣಿಸೂದು ಕುಣಿಯೊಳಗಿನ ಕಾಲು, ತಲಿ ಅಲ್ಲ
ಅಂತ ತಿಳಕೊಂಡಿದ್ದೆ ನಾ.

ಅಳಿಯ ಮೋನೇಶ ಗಾಡಿ ಮ್ಯಾಲೆ ಕೂಡಿಸಿಕೊಂಡು
ಬಾಗಲಕೋಟಿ ನವನಗರಕ್ಕ ಒಯ್ದ.
ಕೊಳವಿಯೊಳಗ ಮಲಗಿಸಿದ್ರು, ಅಲಗಾಡಬ್ಯಾಡ್ರಿ ಅಂದ್ರು.
ಖಟಖಟ, ಖಟಖಟ.
ಜೀವಮಾನ ಪೂರಾ ಪವರ್‌ಲೂಮಿಗೆ ಬೆನ್ನು ಮಾಡಿ ಕುಂತಾವ
ಕಡೀಕ ಅದರ ಹೊಟ್ಟಿಯೊಳಗ ಮಲಗಿದ್ದೆ.

ಡಾಕ್ಟರ್‌ಬಾಯಿ ಶಮೀಮ್ ಕಲಾದಗಿ
ಕರೀ ಹಾಳಿ ಬೆಳಕಿಗೆ ಹಿಡದ್ರು.
ಬಿಳೀ ಚುಕ್ಕಿ. ಒಂದು. ಅತ್ತಾಗ ಇನ್ನೊಂದು.
‘ನಿಮಗ ಸ್ಟ್ರೋಕ್ ಆಗಿ ಹೋಗೇತ್ರಿ. ಹಳೇವು.’
‘ಯಾವಾಗ್ರಿ?’
‘ಅದು ನಿಮಗ ಗೊತ್ತಿರಬೇಕಿತ್ತು.
ಆದ್ರ ಇದು ಹೇಳಿ ಬರೂ ಪೈಕಿ ಅಲ್ಲ.’

ಅಂದಿನಿಂದ ಆ ದಿನಾ ಹುಡುಕಾಕ ಹತ್ತೀನಿ.
ಬಾದಾಮಿ ಬಸ್ಸಿನಾಗ ಚಿಲ್ಲರಿ ಎಣಿಸದ
ಕಿಸೇಕ ಹಾಕ್ಕೊಂಡ ದಿನ?
ಬೀಗರ ಊಟದಾಗ ತಂಬಗಿ ಜಾರಿ
ಎಲ್ಲಾರ ಕೂಡ ನಾನೂ ನಕ್ಕ ದಿನ?
ತಮ್ಮನ ಮಗನ ಹೆಸರು ನಾಲಿಗಿ ತುದಿಗೆ ಬಂದು
ಅಲ್ಲೇ ಕುಂತು
ಎದ್ದು ಹೋದ ದಿನ?
ಇಲ್ಲ, ಅದು ಬರೇ ಒಂದು ಮಂಗಳವಾರ ಇದ್ದಿರಬೇಕು.
ರೊಟ್ಟಿ ತಿಂದೆ, ಲಾಳಿ ಹೊಡದೆ,
ಸಂಜಿಗೆ ಮಿರ್ಚಿ ಭಜಿ.
ತಲಿಯೊಳಗ ಆನಿ ಹಾದು ಹೋತು,
ಕೊರಳಾಗ ಗಂಟಿ ಇಲ್ಲದ್ದು.

ಬಿಪಿಗೆ ಒಂದು. ರಕ್ತದಾಗಿನ ಜಿಡ್ಡಿಗೆ
ರಾತ್ರಿ ಊಟ ಆದಮ್ಯಾಲೆ ಇನ್ನೊಂದು, ಜ್ವಾಳದ ಕಾಳಿನಷ್ಟು.
ಫಣಿ ಹಲ್ಲಿನಾಗ ಗಂಜಿ ಒಣಗಿ ಕುಂತ್ರ
ಎಳಿ ಹಾಯೂದಿಲ್ಲ,
ಅದನ್ನ ನನಗ ಯಾರೂ ಕಲಿಸಬೇಕಾಗಿಲ್ಲ.
ಬಾಯಿ ಅಂದ್ರು: ‘ಬಿಟ್ಟ ಹೆಜ್ಜಿ ಇದು ತಿರುಗಿ ನೇಯೂದಿಲ್ಲ.
ಮುಂದಿನದು ಬಿಡದಂಗ ಕಾಯತೈತಿ, ಮಟ್ಟಿಗೆ.
ಪೂರಾ ಅಂತ ಬರದು ಕೊಡಾಂಗಿಲ್ಲ.’

ಮೂರು ವಾರ ನುಂಗಿ ಬಿಟ್ಟೆ.
ಯಾಕಂದ್ರ ಏನೂ ಆಗಲಿಲ್ಲ.
ಜ್ವರದ ಗುಳಿಗಿ ಜ್ವರ ಇಳಸತೈತಿ,
ತಲಿಶೂಲಿಯದು ತಲಿ ಬಿಡತೈತಿ,
ಇದು? ತಗೊಂಡ್ರೂ ಅದ ಮುಂಜಾನೆ, ಬಿಟ್ಟರೂ ಅದ.
ಅದರಾಗ ಚಾದಂಗಡಿ ಗುರಲಿಂಗ ಬ್ಯಾರೆ
ಕಾಲು ಸೋಲತಾವಂತೋ ಅಂದ.
ಮಗ್ಗದಾವಂಗ ಕಾಲು ಅಂದ್ರ ಗೊತ್ತಲ್ಲ.

ಕಂಡಿಕಿ ಬುಟ್ಟಿ ತಳದಾಗ
ಹತ್ತೊಂಬತ್ತು ಗುಳಿಗಿ ಸಿಕ್ಕುವು ದಾನಮ್ಮಗ.
ಆಕಿ ಒಂದ ಮಾತು ಆಡಲಿಲ್ಲ.
ಮರುದಿನ ಹೊಸಾ ಕುಪ್ಪಸ ಉಟ್ಟು ಬಂದ್ಲು.
ತಿರುಗಿ ಬಂದ ಆ ಖಣ!
ಬೆನ್ನಿನ ನಟ್ಟನಡುವ, ನನ್ನ ಕಣ್ಣಿಗೆ ನೇರ,
ಆ ಇಲ್ಲದ ಹೆಜ್ಜಿ.

ಬಾಯಿಗೆ ಫೋನ್ ಹಚ್ಚಿದೆ.
‘ಕಾಲು ನೋಯ್ತಾವೇನು?’
‘ಇಲ್ರಿ.’
‘ನೋಂದ್ರ ಹೇಳ್ರಿ, ರಕ್ತ ನೋಡಿ ಬದಲಿ ಮಾಡೋಣ.
ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ.’

ಈಗ ದಿನಾ ನುಂಗತೀನಿ, ಏನೂ ಆಗೂದಿಲ್ಲ.
ಆಗದ್ದಕ್ಕ ಸಾಕ್ಷಿ ಯಾರು?
ಮುಂಜಾನೆ ಕುಣಿಗಿಳದು
ಕಾಲಿಗೆ ಬಿಟ್ಟದ್ದನ್ನ ಬಾಯಿಲೆ ಎಣಸತೀನಿ,
ಸಾಲಿ ಹುಡುಗನಂಗ, ಗಟ್ಯಾಗಿ.
ಓಣ್ಯಾಗಿನ ಹುಡುಗೂರು ನಗತಾವು.

ನಿನ್ನೆ ಗುಳಿಗಿ ಕೈಯಾಗ ಇಡೂ ಹೊತ್ತಿಗೆ ಕೇಳಿದೆ:
‘ನಿನ್ನ ರಕ್ತ ಎಂದ ತೋರಿಸೀವಿ, ದಾನೀ?’
ನೀರಿನ ತಂಬಗಿ ನನ್ನ ಮುಂದ ಸರಿಸಿ
ಒಲಿ ಕಡೆ ಹೊಳ್ಳಿದ್ಲು, ಆ ಬೆನ್ನು ನನ್ನ ಕಡೆ ಮಾಡಿ:
‘ನನಗೇನಾಗೇತಿ?’