ಮೂರೂವರೆ ಅಡಿ

ಮಂಗಳವಾರ, ಹತ್ತೂ ಇಪ್ಪತ್ತು. ನಾಲ್ಕನೆಯ ಸಲ.
ಫಾರಂ ತುಂಬಿದವಳು ನಾನೇ: ಆಂಬ್ರೋಸ್ ಪಿನ್,
ವಯಸ್ಸು ಅರವತ್ತಾರು, ಕಣ್ಣು ಸರಿ, ಎಡಗಿವಿ ತುಸು ಮಂದ.
ಕಾರು ಅವನ ನಾದಿನಿಯದು, ಹಳೆಯದು, ಗೇರಿನದು.
ಹಿಂದಿನ ಸೀಟಿನಲ್ಲಿ ಒಂದು ಬಕೆಟ್ಟು, ಒಂದು ಜೊತೆ ಗಂಬೂಟು,
ತೊಳೆದರೂ ಹೋಗದ ಕಾಡ್ ಮೀನಿನ ವಾಸನೆ.

ಹೊರಡುವಾಗ ಚೆನ್ನಾಗಿಯೇ ಹೊರಡುತ್ತಾನೆ.
ಕನ್ನಡಿ ನೋಡುತ್ತಾನೆ, ಕತ್ತು ತಿರುಗಿಸುತ್ತಾನೆ,
ಅಂಚೆಕಚೇರಿಯ ತಿರುವಿನಲ್ಲಿ ಬೆಕ್ಕಿಗೂ ದಾರಿ ಬಿಡುತ್ತಾನೆ.
ಕೆಡುವುದೆಲ್ಲ ಕೊನೆಗೆ, ಚರ್ಚಿನ ಇಳಿಜಾರಿನಲ್ಲಿ,
"ಮಿಸ್ಟರ್ ಪಿನ್, ಇಲ್ಲಿ, ಅಂಚುಗಲ್ಲಿಗೆ ಒತ್ತಿ ನಿಲ್ಲಿಸಿ"
ಎಂದು ನಾನು ಬಾಯಿ ತೆರೆದ ಮೇಲೆ.

ಒಂದಡಿಯೊಳಗೆ ನಿಲ್ಲಬೇಕು ಚಕ್ರ. ಕಲ್ಲು ಹತ್ತಬಾರದು.
ಇಷ್ಟೇ ನಿಯಮ.
ಮೊದಲ ಸಲ ಮೂರೂವರೆ ಅಡಿ.
ಎರಡನೆಯ ಸಲ ಮೂರು, ಖುಷಿಯಾಯಿತು ನನಗೆ.
ಮೂರನೆಯ ಸಲ ಮತ್ತೆ ಮೂರೂವರೆ.
ಬಾಗಿಲು ತೆರೆದು ಬಗ್ಗಿ ನೋಡಿದರೆ
ಟಾರು, ಟಾರು, ಒಂದು ಸಿಗರೇಟಿನ ತುಂಡು, ಮತ್ತೂ ಟಾರು,
ಆಮೇಲೆ ಎಲ್ಲೋ ಆಚೆ ದಡದಲ್ಲಿ ಕಲ್ಲು.

ಪರೀಕ್ಷಕಿ ಅಂಕ ಹಾಕಬೇಕು, ಹರಟಬಾರದು.
ಆದರೂ ಕೇಳಿದೆ ಅವತ್ತು: ಯಾಕೆ ಇಷ್ಟು ದೂರ?
"ಅಲೆ ಬರುತ್ತದಲ್ಲ, ತಾಯಿ," ಅಂದ,
ಮಗುವಿಗೆ ಹೇಳುವ ಹಾಗೆ.

ನಲವತ್ತೊಂದು ವರ್ಷ ಟಪಾಲಿನ ದೋಣಿ ನಡೆಸಿದವನು.
ಆಚೆ ಗನ್ನರ್ಸ್ ಐಲ್, ಈಚೆ ನಮ್ಮ ಧಕ್ಕೆ.
ದ್ವೀಪದಲ್ಲಿ ರಸ್ತೆಯೇ ಇರಲಿಲ್ಲ, ಕಾರೆಲ್ಲಿಂದ ಬರಬೇಕು.
ಈಗ ಅಲ್ಲಿ ಯಾರೂ ಇಲ್ಲ. ಕೊನೆಯ ಹನ್ನೊಂದು ಮಂದಿಯನ್ನು
ಇತ್ತ ತಂದಿಳಿಸಿದವನೂ ಅವನೇ, ತನ್ನನ್ನೂ ಸೇರಿಸಿ.
"ದೋಣಿಯನ್ನು ನಾವು ನಿಲ್ಲಿಸುವುದಿಲ್ಲ.
ಹತ್ತಿರ ತಂದು ಸುಮ್ಮನಾಗುತ್ತೇವೆ.
ಮಿಕ್ಕ ಮೂರಡಿಯನ್ನು ನೀರು ತರುತ್ತದೆ.
ಅವಸರಪಟ್ಟರೆ ಪಕ್ಕೆ ಮುರಿಯುತ್ತದೆ.
ಆಮೇಲೆ ಮೇಲಿನಿಂದ ಯಾರೋ ಹಗ್ಗ ಹಿಡಿಯುತ್ತಾರೆ."

"ಟಾರು ಉಬ್ಬುವುದಿಲ್ಲ, ಮಿಸ್ಟರ್ ಪಿನ್. ಇಳಿಯುವುದೂ ಇಲ್ಲ."
"ಹೌದು," ಅಂದ, "ಅದೇ ತೊಂದರೆ."

ಇವತ್ತು ಒಂದು ಮಾತೂ ಆಡಲಿಲ್ಲ.
ಕಿಟಕಿಯ ಗಾಜು ಇಳಿಸಿ, ಕಡಲ ಕಡೆ ಒಮ್ಮೆ ಮುಖ ಮಾಡಿ,
ತುಟಿಯಲ್ಲೇ ಏನೋ ಎಣಿಸುತ್ತ
ಕಲ್ಲಿನ ಕಡೆಗೆ ವಾಲಿಸಿದ.
ಮೂರಡಿ ಇರುವಾಗ ಅವನ ಮೈ ಬಿಗಿದದ್ದು ನನಗೆ ಗೊತ್ತಾಯಿತು.
ಎರಡಾಯಿತು. ಸ್ಟೀರಿಂಗ್ ಹಿಡಿದ ಗೆಣ್ಣುಗಳು ಬೆಳ್ಳಗಾದವು.
ಒಂದು.
ಟೈರು ಕಲ್ಲಿಗೆ ಸವರಿತೋ ಇಲ್ಲವೋ, ಸರ್ ಅಂದಿತು,
ಬೆಚ್ಚಿ ಬಿದ್ದ ಮುದುಕ
ಕಾಲಬುಡದ ಮ್ಯಾಟು ಎತ್ತಿ ನೋಡಿದ,
ನೀರು ಜಿನುಗಿದೆಯೇ ಎಂದು.

ಬಾಗಿಲು ತೆರೆದೆ. ಗೇಣು.
ಪೂರಾ ಒಂದು ಗೇಣೂ ಇಲ್ಲ, ಹೆಬ್ಬೆರಳು ಮಡಚಬೇಕು.
ಇಷ್ಟು ಅಂದವಾಗಿ ನಿಲ್ಲಿಸಿದ ಕಾರನ್ನು
ಈ ಊರಿನ ಪಡ್ಡೆ ಹುಡುಗರಲ್ಲಿ ನಾನು ಕಂಡಿಲ್ಲ.
ಹೇಳಬೇಕೆಂದು ತಿರುಗುವಷ್ಟರಲ್ಲಿ
ಎಂಜಿನ್ ಆರಿಸಿ, ಗೇರು ಬಿಡಿಸಿ,
ಎರಡೂ ಕೈ ತೊಡೆಯ ಮೇಲಿಟ್ಟು ಕೂತಿದ್ದ,
ಯಾರದೋ ದಾರಿ ಕಾಯುವವನಂತೆ.
ಚರ್ಚು ಹಿಂದಕ್ಕೆ ಸರಿಯತೊಡಗಿತು.
ಬೇಲಿ ಸರಿಯಿತು. ಬೇಲಿಯ ಮೇಲೆ ಒಣಗಿದ್ದ ಕೈಗವಸು ಸರಿಯಿತು.

ಹ್ಯಾಂಡ್‌ಬ್ರೇಕ್ ಎಳೆದವಳು ನಾನು.
"ನೋಡಿ," ಅಂದ, ಮುಖವರಳಿಸಿ, "ಹಿಡಿದಿರಿ."

ಫಾರಮ್ಮಿನ ಕೊನೆಯ ಸಾಲಿನಲ್ಲಿ ಒಂದು ಚೌಕವಿದೆ:
ಪರೀಕ್ಷಕರು ಕೈಹಾಕಬೇಕಾಯಿತೇ?
ಪೆನ್ನು ಒಂದಿಷ್ಟು ಹೊತ್ತು ಅದರ ಮೇಲೆ ನಿಂತಿತು,
ಆಮೇಲೆ ಗುರುತು ಹಾಕಿದೆ. ಹಾಕದೆ ಇರಲಾಗಲಿಲ್ಲ,
ಆ ಇಳಿಜಾರಿನ ಬುಡದಲ್ಲಿ ಶಾಲೆಯಿದೆ.
ಅವನೂ ಬೇಸರಪಟ್ಟಂತೆ ಕಾಣಲಿಲ್ಲ.
ಕೆಳಗಿಳಿದು, ಆ ಗೇಣನ್ನು ತಾನೂ ಒಮ್ಮೆ
ಗಂಬೂಟಿನ ತುದಿಯಿಂದ ಅಳೆದು ನೋಡಿದ.

ಮುಂದಿನ ಮಂಗಳವಾರ ಬರೆದುಕೊಳ್ಳಲೇ? ಕೇಳಿದೆ.
"ಗಾಳಿ ನೋಡಿ ಹೇಳುತ್ತೇನೆ," ಅಂದ.